ಪ್ರಬಂಧವನ್ನು ಅಳೆಯುವ ಅಳತೆಗೋಲು

ಪ್ರಥಮ ಪಿ.ಯು.ಸಿ. ತರಗತಿಯ ವಿದ್ಯಾರ್ಥಿಗಳು ಮೊದಲ ಸಲ ಭೌತವಿಜ್ಞಾನದ ಪ್ರಯೋಗಶಾಲೆಗೆ ಬಂದಾಗ ಅವರ ಕೈಗೆ ಒಂದು ತಂತಿಯ ತುಂಡನ್ನೂ ಒಂದು ಸ್ಕ್ರೂ ಗೇಜನ್ನೂ ಕೊಟ್ಟು, ತಂತಿಯ ವ್ಯಾಸವನ್ನು ಅಳೆಯಿರಿ ಎನ್ನುತ್ತೇವೆ. ಚುರುಕಾದ ಹುಡುಗನೊಬ್ಬನು ಎರಡು ನಿಮಿಷಗಳಲ್ಲಿ ಅಳೆದು, ಉತ್ತರ ಬರೆದು, ತೋರಿಸಲು ಬರುತ್ತಾನೆ. ನಾವು ಅದನ್ನು ಒಪ್ಪುವುದಿಲ್ಲ. ಬೇರೆ ಬೇರೆ ಸ್ಥಳಗಳಲ್ಲಿ ಐದು ಸಲ ಅಳೆ, ತಂತಿಯನ್ನು ತಿರುಗಿಸಿ ಮತ್ತೆ ಅಳೆ, ಉಪಕರಣದ ಶೂನ್ಯ ದೋಷವನ್ನು ಕಳೆ, ಸರಾಸರಿಯನ್ನು ತೆಗೆ, ಎಂದು ಹಿಂದಕ್ಕೆ ಕಳುಹಿಸುತ್ತೇವೆ. ಒಂದೇ ಸಲ ಅಳೆದ ಅಳತೆಯನ್ನು ನಂಬಬಾರದೆಂಬುದು ವಿಜ್ಞಾನದ ಮೊದಲ ಪಾಠ. ಒಂದು ಗೇಣು ಉದ್ದದ, ಎರಡು ರೂಪಾಯಿ ಬೆಲೆಯ ತಂತಿಗೆ ಇಷ್ಟು ಗೌರವ!

ಇದೇ ವಿದ್ಯಾರ್ಥಿಯು ಪರೀಕ್ಷೆಯಲ್ಲಿ ಬರೆದ ಪ್ರಬಂಧಕ್ಕೆ ದೊರೆಯುವ ಗೌರವವೆಷ್ಟು? ಒಬ್ಬರೇ ಪರೀಕ್ಷಕರು, ಒಂದೇ ಮಧ್ಯಾಹ್ನ, ಒಂದೇ ಸಲ, ಕಟ್ಟಿನಲ್ಲಿರುವ ಹತ್ತಾರು ಉತ್ತರಪತ್ರಿಕೆಗಳ ನಡುವೆ ಓದಿ, ಕೆಂಪು ಮಸಿಯಲ್ಲಿ ಒಂದು ಅಂಕಿಯನ್ನು ಬರೆದರೆ ಮುಗಿಯಿತು. ಆ ಅಂಕಿಗೆ ಎಷ್ಟು ದೋಷವಿರಬಹುದೆಂದು ಯಾರೂ ಕೇಳುವುದಿಲ್ಲ, ಕೇಳಬೇಕೆಂದು ತೋರುವುದೂ ಇಲ್ಲ. ನಾನು ಕೂಡ ಬಹಳ ಕಾಲ ಕೇಳಿರಲಿಲ್ಲ. ಕೇಳುವಂತೆ ಮಾಡಿದವಳು ಹರ್ತಿಯ ಒಬ್ಬ ಹುಡುಗಿ.

ಗದಗ ತಾಲ್ಲೂಕಿನ ಹರ್ತಿ ನನ್ನ ತಾಯಿಯ ತವರೂರು. ಶ್ರಾವಣದಲ್ಲಿ ಅಲ್ಲಿನ ಬಸವಣ್ಣನ ಜಾತ್ರೆಗೆ ಹೋಗುವ ರೂಢಿ ನಮ್ಮ ಮನೆಯಲ್ಲಿ ಇಂದಿಗೂ ತಪ್ಪಿಲ್ಲ. ಈ ಪರಿಚಯದಿಂದಲೇ ಕೆಲವು ವರ್ಷಗಳ ಹಿಂದೆ ಫೆಬ್ರುವರಿ ೨೮ರ ವಿಜ್ಞಾನ ದಿನದಂದು, ಆ ಸುತ್ತಿನ ಹಳ್ಳಿಗಳ ಮಕ್ಕಳಿಗಾಗಿ ಏರ್ಪಡಿಸಿದ್ದ ಪ್ರಬಂಧ ಸ್ಪರ್ಧೆಗೆ ನನ್ನನ್ನು ತೀರ್ಪುಗಾರನಾಗಿ ಕರೆದರು. ನನ್ನ ಜೊತೆಗೆ ಒಬ್ಬ ಕನ್ನಡ ಅಧ್ಯಾಪಕರೂ ನಿವೃತ್ತರಾದ ಒಬ್ಬ ಹಿರಿಯ ಮಾಸ್ತರರೂ ಇದ್ದರು. ವಿಷಯ, ‘ನಮ್ಮ ಊರಿನ ನೀರು’. ಒಟ್ಟು ಅಂಕ ೨೦. ಮೂವರೂ ಓದಿ, ಮೂವರ ಅಂಕಗಳನ್ನು ಕೂಡಿಸಿ, ಬಹುಮಾನವನ್ನು ನಿರ್ಧರಿಸುವುದೆಂದು ಗೊತ್ತಾಯಿತು.

ಬಹುಪಾಲು ಪ್ರಬಂಧಗಳು ‘ಜಲವೇ ಜೀವನ’ ಎಂದು ಪ್ರಾರಂಭವಾಗಿ ‘ನೀರನ್ನು ಉಳಿಸೋಣ’ ಎಂದು ಮುಗಿದಿದ್ದವು. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಮಾತ್ರ ತಮ್ಮ ಹೊಲದ ಬಾವಿಯ ವಿಷಯವಾಗಿ ಬರೆದಿದ್ದಳು. ಕೊಡ ಇಳಿಬಿಡುವ ಹಗ್ಗಕ್ಕೆ ಅವಳು ಮೊಳಕ್ಕೊಂದರಂತೆ ಗಂಟು ಹಾಕಿದ್ದಳಂತೆ. ನೀರು ಮುಟ್ಟುವ ತನಕ ಎಷ್ಟು ಗಂಟು ಇಳಿಯುತ್ತದೆಂದು ಹಬ್ಬಹಬ್ಬಕ್ಕೆ ಎಣಿಸಿ ಇಟ್ಟಿದ್ದಳು. ದೀಪಾವಳಿಗೆ ಏಳು, ಸಂಕ್ರಾಂತಿಗೆ ಒಂಬತ್ತು, ಹಿಂದಿನ ಯುಗಾದಿಗೆ ಹನ್ನೊಂದು. ನೆರೆಹೊಲದವರು ಕೊಳವೆಬಾವಿ ತೋಡಿಸಿದ ಮೇಲೆ ಗಂಟುಗಳ ಲೆಕ್ಕ ಹೇಗೆ ಬದಲಾಯಿತೆಂಬುದನ್ನೂ ಬರೆದಿದ್ದಳು. ಬರೆಹದಲ್ಲಿ ಅಕ್ಷರದೋಷಗಳು ಬೇಕಾದಷ್ಟಿದ್ದವು. ‘ಐತಿ’, ‘ಅದಾವ’ ಎಂಬ ಆಡುಮಾತಿನ ರೂಪಗಳು ನುಸುಳಿದ್ದವು. ಕೊನೆಯಲ್ಲಿ ಉಪಸಂಹಾರವೆಂಬುದೇ ಇರಲಿಲ್ಲ. ಯುಗಾದಿಗೆ ಮತ್ತೆ ಎಣಿಸುತ್ತೇನೆ ಎಂದು ಹೇಳಿ ನಿಲ್ಲಿಸಿಬಿಟ್ಟಿದ್ದಳು.

ಇದಕ್ಕೆ ನಾನು ೧೮ ಅಂಕ ಕೊಟ್ಟೆ. ಕನ್ನಡ ಅಧ್ಯಾಪಕರು ೯ ಕೊಟ್ಟರು. ಹಿರಿಯ ಮಾಸ್ತರರು ೧೩ ಕೊಟ್ಟರು. ಒಟ್ಟು ೪೦. ಮೂರನೆಯ ಬಹುಮಾನವು ೪೨ ಅಂಕ ಪಡೆದ ಬೇರೊಬ್ಬ ಹುಡುಗನಿಗೆ ಹೋಯಿತು. ಬಹುಮಾನ ವಿತರಣೆ ಮುಗಿದ ಮೇಲೆ ಆ ಹುಡುಗಿ ಮೆಟ್ಟಲ ಬಳಿ ಕಾದು ನಿಂತಿದ್ದಳು.

“ಸರ್, ನಂದ್ರಾಗ ಏನ್ ತಪ್ಪ ಆಗಿತ್ರಿ?”

“ಹೇಳ್ತೀನಿ ತಂಗಿ, ಇನ್ನೊಂದ್ಸಲ ನೋಡಿ ಹೇಳ್ತೀನಿ” ಎಂದು ಹೇಳಿ ಜಾರಿಕೊಂಡೆ. ಹೇಳುವುದಕ್ಕೆ ನನ್ನಲ್ಲಿ ಏನೂ ಇರಲಿಲ್ಲ. ನನ್ನ ಪ್ರಕಾರ ತಪ್ಪೇ ಇರಲಿಲ್ಲ. ಕನ್ನಡ ಅಧ್ಯಾಪಕರ ಪ್ರಕಾರ ತಪ್ಪಲ್ಲದೆ ಬೇರೇನೂ ಇರಲಿಲ್ಲ. ಅವರು ಓದು ಬಲ್ಲವರು, ಪ್ರಾಮಾಣಿಕರು. ಅವರಿಗೆ ಆ ಹುಡುಗಿಯ ಮೇಲೆ ದ್ವೇಷವಿಲ್ಲ, ನನಗೆ ಮಮತೆಯಿಲ್ಲ; ಹೆಸರುಗಳೇ ನಮಗೆ ತಿಳಿದಿರಲಿಲ್ಲ.

ನಾಲ್ಕು ತಿಂಗಳ ಮೇಲೆ ಆ ಕಾಗದಗಳ ಕಟ್ಟು ನನ್ನ ಮೇಜಿನ ಖಾನೆಯಲ್ಲಿ ಸಿಕ್ಕಿತು. ಅಂಕಗಳನ್ನು ಮುಚ್ಚಿ, ಎಲ್ಲವನ್ನೂ ಕಲಸಿ, ಹೊಸದಾಗಿ ಓದಿದೆ. ಬಾವಿಯ ಪ್ರಬಂಧಕ್ಕೆ ಈ ಸಲ ನಾನು ಕೊಟ್ಟದ್ದು ೧೪. ಅದೇ ಕಾಗದ, ಅದೇ ಕಣ್ಣು. ಮೊದಲ ಸಲ ಅದಕ್ಕೆ ಮುಂಚೆ ನಾಲ್ಕು ‘ಜಲವೇ ಜೀವನ’ಗಳನ್ನು ಓದಿ ಬೇಸತ್ತಿದ್ದೆನೆಂದು ತೋರುತ್ತದೆ. ಕನ್ನಡ ಅಧ್ಯಾಪಕರನ್ನು ಮನಸ್ಸಿನಲ್ಲಿಯೇ ದೂರುತ್ತಿದ್ದ ನನಗೆ ಆ ದಿನ ನಾಚಿಕೆಯಾಯಿತು.

ಈ ಅನುಭವ ನನಗೆ ಹೊಸದಾದರೂ ಲೋಕಕ್ಕೆ ಹೊಸದಲ್ಲ. ಪರೀಕ್ಷೆಯ ಅಂಕವೂ ಒಂದು ಅಳತೆಯೇ, ಆದುದರಿಂದ ಅದಕ್ಕೂ ದೋಷವಿರಲೇಬೇಕು, ಎಂದು ಮೊದಲು ವ್ಯವಸ್ಥಿತವಾಗಿ ವಾದಿಸಿದವನು ಎಜ್‌ವರ್ತ್ ಎಂಬ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ. ಖಗೋಳಜ್ಞರು ನಕ್ಷತ್ರದ ಸ್ಥಾನವನ್ನು ಹಲವು ಸಲ ಅಳೆದಾಗ ಅಳತೆಗಳು ಹೇಗೆ ಚದರಿಕೊಳ್ಳುತ್ತವೆಂಬುದನ್ನು ವಿವರಿಸುವ ಗಣಿತವನ್ನೇ ಅವನು ೧೮೮೮ರಲ್ಲಿ ಪರೀಕ್ಷೆಗಳಿಗೆ ಅನ್ವಯಿಸಿದ. ಒಂದು ಲ್ಯಾಟಿನ್ ಗದ್ಯದ ತುಣುಕನ್ನು ೨೮ ಮಂದಿ ಸಮರ್ಥ ಪರೀಕ್ಷಕರು ತಿದ್ದಿದಾಗ, ನೂರಕ್ಕೆ ೪೫ರಿಂದ ಹಿಡಿದು ೧೦೦ರವರೆಗೆ ಅಂಕಗಳು ಬಂದುದನ್ನು ಅವನು ತೋರಿಸಿಕೊಟ್ಟ. ಅಮೆರಿಕದಲ್ಲಿ ಸ್ಟಾರ್ಚ್ ಮತ್ತು ಎಲಿಯಟ್ ಎಂಬಿಬ್ಬರು ೧೯೧೨ರಲ್ಲಿ ಎರಡು ಇಂಗ್ಲಿಷ್ ಉತ್ತರಪತ್ರಿಕೆಗಳನ್ನು ಪ್ರೌಢಶಾಲೆಗಳಿಗೆ ಕಳುಹಿಸಿ, ೧೪೨ ಮಂದಿ ಅಧ್ಯಾಪಕರಿಂದ ಅಂಕ ಹಾಕಿಸಿದರು. ಒಂದಕ್ಕೆ ೬೪ರಿಂದ ೯೮, ಇನ್ನೊಂದಕ್ಕೆ ೫೦ರಿಂದ ೯೭. ಇದು ಭಾಷೆಯ ರೋಗ, ಗಣಿತಕ್ಕೆ ಅಂಟುವುದಿಲ್ಲ, ಎಂದು ಯಾರೂ ನೆಮ್ಮದಿಯಾಗಿರದಂತೆ ಮರುವರ್ಷ ಅವರು ರೇಖಾಗಣಿತದ ಉತ್ತರಪತ್ರಿಕೆಯೊಂದನ್ನು ಕಳುಹಿಸಿದರು. ಅದಕ್ಕೆ ಬಂದ ಅಂಕಗಳು ೨೮ರಿಂದ ೯೨! ಭೌತವಿಜ್ಞಾನದ ಉತ್ತರಗಳನ್ನು ತಿದ್ದುವ ನಾನೂ ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಬೇಕಾಗಿದೆ.

ಇನ್ನೂ ಕಟುವಾದ ಪ್ರಯೋಗವು ಇಂಗ್ಲೆಂಡಿನಲ್ಲಿ ನಡೆಯಿತು. ಹಾರ್ಟಾಗ್ ಮತ್ತು ರೋಡ್ಸ್ ಎಂಬುವರು ೧೯೩೫ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅದರ ವಿವರವಿದೆ. ಮೊದಲು ಒಂದೇ ಅಂಕವನ್ನು ಪಡೆದಿದ್ದ ೧೫ ಇತಿಹಾಸದ ಉತ್ತರಪತ್ರಿಕೆಗಳನ್ನು ಆರಿಸಿ, ೧೪ ಪರೀಕ್ಷಕರಿಗೆ ಕೊಟ್ಟರು. ಒಂದು ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ ಅವೇ ಪತ್ರಿಕೆಗಳನ್ನು ಅದೇ ಪರೀಕ್ಷಕರಿಗೆ ಮತ್ತೆ ಕೊಟ್ಟರು. ಒಟ್ಟು ೨೧೦ ತೀರ್ಪುಗಳಲ್ಲಿ ೯೨ ತೀರ್ಪುಗಳು ಬದಲಾದವು. ಉತ್ತೀರ್ಣನೆಂದಿದ್ದವನನ್ನು ಅನುತ್ತೀರ್ಣನೆಂದರು, ಅನುತ್ತೀರ್ಣನನ್ನು ಮೇಲಕ್ಕೆ ಎತ್ತಿದರು. ಬೇರೆಯವರ ತೀರ್ಪನ್ನಲ್ಲ, ತಮ್ಮ ತೀರ್ಪನ್ನೇ. ಇದನ್ನು ಓದಿದ ಮೇಲೆ ನನ್ನ ೧೮ ಮತ್ತು ೧೪ರ ಸಂಕಟ ಸ್ವಲ್ಪ ಕಡಿಮೆಯಾಯಿತು. ೧೯೬೧ರಲ್ಲಿ ಅಮೆರಿಕದ ಎಜುಕೇಷನಲ್ ಟೆಸ್ಟಿಂಗ್ ಸರ್ವಿಸ್ ಸಂಸ್ಥೆಯವರು ಕಾಲೇಜು ವಿದ್ಯಾರ್ಥಿಗಳ ೩೦೦ ಪ್ರಬಂಧಗಳನ್ನು ೫೩ ಮಂದಿಗೆ ಓದಿಸಿ, ಒಂಬತ್ತು ಶ್ರೇಣಿಗಳಲ್ಲಿ ವಿಂಗಡಿಸಲು ಹೇಳಿದರು. ನೂರಕ್ಕೆ ೯೪ ಪ್ರಬಂಧಗಳು ಏಳೋ ಎಂಟೋ ಒಂಬತ್ತೋ ಬೇರೆ ಬೇರೆ ಶ್ರೇಣಿಗಳನ್ನು ಪಡೆದವು. ಯಾವ ಪ್ರಬಂಧಕ್ಕೂ ಐದಕ್ಕಿಂತ ಕಡಿಮೆ ಬಗೆಯ ಶ್ರೇಣಿಗಳು ಬರಲಿಲ್ಲ. ಆ ಓದುಗರಲ್ಲಿ ಭಾಷೆಯ ಅಧ್ಯಾಪಕರಲ್ಲದೆ ವಿಜ್ಞಾನಿಗಳೂ ವಕೀಲರೂ ವ್ಯಾಪಾರಸ್ಥರೂ ಇದ್ದರು. ಒಬ್ಬೊಬ್ಬರು ಒಂದೊಂದನ್ನು ಬೆಲೆಯುಳ್ಳದ್ದೆಂದು ಬಗೆಯುತ್ತಿದ್ದರು: ಒಬ್ಬರಿಗೆ ವಿಚಾರ, ಒಬ್ಬರಿಗೆ ವ್ಯಾಕರಣ, ಒಬ್ಬರಿಗೆ ಅಡಕ, ಒಬ್ಬರಿಗೆ ಮಾತಿನ ಬೆಡಗು. ಹರ್ತಿಯಲ್ಲಿ ನಾವು ಮೂವರು ಮಾಡಿದುದೂ ಇದನ್ನೇ.

ಈಗ ಪ್ರಯೋಗಶಾಲೆಗೆ ಹಿಂದಿರುಗೋಣ. ಅಳತೆಯ ದೋಷಗಳು ಮುಖ್ಯವಾಗಿ ಎರಡು ಬಗೆ. ಸ್ಕ್ರೂ ಗೇಜಿನ ಎರಡು ಮೊನೆಗಳು ಕೂಡಿದಾಗಲೂ ಅದು ಸೊನ್ನೆಯನ್ನು ತೋರಿಸದೆ ಎರಡು ಗೆರೆ ಮುಂದಿದ್ದರೆ, ಅದು ಶೂನ್ಯ ದೋಷ. ಅದು ಎಲ್ಲ ಅಳತೆಗಳಲ್ಲೂ ಒಂದೇ ಸಮನಾಗಿರುತ್ತದೆ. ಎಷ್ಟಿದೆಯೆಂದು ತಿಳಿದರೆ ಕಳೆದುಬಿಡಬಹುದು. ಕೈಬಿಗಿಯ ಪರೀಕ್ಷಕರೂ ಧಾರಾಳಿಗಳಾದ ಪರೀಕ್ಷಕರೂ ಶೂನ್ಯ ದೋಷವುಳ್ಳ ಉಪಕರಣಗಳಿದ್ದಂತೆ. ಇವರ ವಿಷಯ ನಮ್ಮ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿದೆ. ಉತ್ತರ ಪ್ರದೇಶದ ನ್ಯಾಯಾಧೀಶರ ನೇಮಕದ ಪರೀಕ್ಷೆಗೆ ಸಂಬಂಧಿಸಿದ ಸಂಜಯ್ ಸಿಂಗ್ ಮೊಕದ್ದಮೆಯಲ್ಲಿ ೨೦೦೭ರಲ್ಲಿ ತೀರ್ಪು ಕೊಡುತ್ತ, ಎಲ್ಲರೂ ಬರೆಯುವ ಒಂದೇ ಪತ್ರಿಕೆಯ ಅಂಕಗಳನ್ನು ಸೂತ್ರವೊಂದಕ್ಕೆ ಹಾಕಿ ಹಿಗ್ಗಿಸಿ ಕುಗ್ಗಿಸುವುದು ಸರಿಯಲ್ಲ, ಮುಖ್ಯ ಪರೀಕ್ಷಕರು ಮಾದರಿ ಉತ್ತರಗಳನ್ನು ಮುಂದಿಟ್ಟುಕೊಂಡು ಎಲ್ಲರ ಮಟ್ಟವನ್ನು ಮೊದಲೇ ಕೂಡಿಸಬೇಕು, ಪ್ರತಿಯೊಬ್ಬ ಪರೀಕ್ಷಕರ ಕೆಲವು ಪತ್ರಿಕೆಗಳನ್ನು ಮತ್ತೆ ನೋಡಿ ಹೆಚ್ಚುಕಡಿಮೆಯನ್ನು ಸರಿಪಡಿಸಬೇಕು, ಎಂಬ ಕ್ರಮವನ್ನು ನ್ಯಾಯಾಲಯವು ಎತ್ತಿಹಿಡಿಯಿತು. ಶೂನ್ಯ ದೋಷವನ್ನು ಕಳೆಯುವ ಉಪಾಯವಿದು.

ಎರಡನೆಯದು ಯಾದೃಚ್ಛಿಕ ದೋಷ. ಇದಕ್ಕೆ ದಿಕ್ಕಿಲ್ಲ, ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ. ಒಂದು ಕೈಯನ್ನು ಬಿಸಿನೀರಿನಲ್ಲಿಯೂ ಇನ್ನೊಂದು ಕೈಯನ್ನು ತಣ್ಣೀರಿನಲ್ಲಿಯೂ ಸ್ವಲ್ಪ ಹೊತ್ತು ಅದ್ದಿ, ಆಮೇಲೆ ಎರಡನ್ನೂ ಉಗುರುಬೆಚ್ಚಗಿನ ನೀರಿಗೆ ಹಾಕಿದರೆ ಒಂದು ಕೈಗೆ ಅದು ತಣ್ಣಗೆ, ಇನ್ನೊಂದಕ್ಕೆ ಬಿಸಿ. ಸಾಧಾರಣ ಪ್ರಬಂಧವೊಂದು ಅತಿ ಕೆಟ್ಟದ್ದರ ಹಿಂದೆ ಬಂದರೆ ಒಳ್ಳೆಯದಾಗಿಯೂ, ಅತ್ಯುತ್ತಮವಾದುದರ ಹಿಂದೆ ಬಂದರೆ ಪೇಲವವಾಗಿಯೂ ಕಾಣುತ್ತದೆ. ಕಟ್ಟಿನಲ್ಲಿ ನಿಮ್ಮ ಹಿಂದುಮುಂದಿನ ನೋಂದಣಿಸಂಖ್ಯೆಯವನು ಯಾರೆಂಬುದು ನಿಮ್ಮ ಕೈಯಲ್ಲಿಲ್ಲ. ಮುತ್ತು ಪೋಣಿಸಿದಂತಹ ಅಕ್ಷರವಿದ್ದರೆ ವಿಚಾರವೂ ಮುತ್ತಿನಂತೆಯೇ ತೋರುವುದು ಮನುಷ್ಯಸ್ವಭಾವ. ಚೀನಾ ದೇಶದವರು ಇದನ್ನು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಸುಮಾರು ಸಾವಿರ ವರ್ಷಗಳ ಕೆಳಗೆ, ಸುಂಗ್ ರಾಜವಂಶದ ಕಾಲದಲ್ಲಿ, ರಾಜ್ಯಾಧಿಕಾರಿಗಳ ಪರೀಕ್ಷೆಯ ಉತ್ತರಗಳ ಮೇಲೆ ಹೆಸರನ್ನು ಕಾಗದ ಅಂಟಿಸಿ ಮುಚ್ಚುತ್ತಿದ್ದುದಲ್ಲದೆ, ಬರೆವಣಿಗೆಯ ಗುರುತು ಸಿಕ್ಕಬಾರದೆಂದು ಪ್ರತಿಯೊಂದು ಉತ್ತರವನ್ನೂ ಗುಮಾಸ್ತರಿಂದ ನಕಲು ಮಾಡಿಸಿ, ಆ ನಕಲನ್ನೇ ಪರೀಕ್ಷಕರಿಗೆ ಕೊಡುತ್ತಿದ್ದರು. ಇಂದು ನಾವು ಗುಪ್ತಸಂಖ್ಯೆ ಹಾಕುತ್ತೇವೆ, ನಕಲು ಮಾಡಿಸುವುದಿಲ್ಲ. ಕೆಟ್ಟ ಅಕ್ಷರದ ಬಡ ಹುಡುಗನ ದೃಷ್ಟಿಯಿಂದ ನೋಡಿದರೆ ಸುಂಗ್ ಚಕ್ರವರ್ತಿಯೇ ಹೆಚ್ಚು ದಯಾಳು.

ಇಂತಹ ದೋಷಗಳಿಂದ ಪಾರಾಗಲು ನಾವು ಕಂಡುಕೊಂಡ ಮಾರ್ಗ ಯಾವುದು? ಕಾಲೇಜು ಪ್ರವೇಶಕ್ಕೆ ಪ್ರಬಂಧವನ್ನೇ ಕೈಬಿಡುವುದು. ಒಂದು ಕಾಲದಲ್ಲಿ ಹೀಗಿರಲಿಲ್ಲ. ಗದಗ ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದ ದಿನಗಳಲ್ಲಿ ಕಾಲೇಜಿನ ಬಾಗಿಲೆಂದರೆ ೧೮೫೯ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಪ್ರಾರಂಭಿಸಿದ ಮ್ಯಾಟ್ರಿಕ್ಯುಲೇಷನ್ ಪರೀಕ್ಷೆ. ಅದರಲ್ಲಿ ಬರೆಯಲು ಬಾರದವನಿಗೆ ಮುಂದಿನ ದಾರಿಯಿರಲಿಲ್ಲ. ಕರ್ನಾಟಕದಲ್ಲಿ ೧೯೯೪ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ, ಅಂದರೆ ನಾವೆಲ್ಲ ಸಿ.ಇ.ಟಿ. ಎನ್ನುವುದು, ಬಂದಿತು. ಒಂದೊಂದು ವಿಷಯಕ್ಕೆ ೬೦ ಪ್ರಶ್ನೆ, ೬೦ ಅಂಕ, ೮೦ ನಿಮಿಷ. ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಿ ವೃತ್ತವನ್ನು ತುಂಬಬೇಕು. ಯಂತ್ರ ಓದುತ್ತದೆ. ಬೀದರಿನಲ್ಲಿ ತುಂಬಿದರೂ ಚಾಮರಾಜನಗರದಲ್ಲಿ ತುಂಬಿದರೂ ಒಂದೇ ಅಂಕ. ಇದು ಸಣ್ಣ ಗುಣವಲ್ಲ. ಹಳ್ಳಿಯ ಹುಡುಗನಿಗೆ ಯಾರ ಮುಖವನ್ನೂ ನೋಡದೆ ಸರ್ಕಾರಿ ಶುಲ್ಕದ ಸೀಟು ಸಿಕ್ಕುವಂತಾದುದು ಇದರಿಂದಲೇ. ನನ್ನ ಓರಗೆಯವರಲ್ಲಿ ಎಷ್ಟೋ ಮಂದಿ ಹಾಗೆಯೇ ಎಂಜಿನಿಯರುಗಳಾದರು. ಅದನ್ನು ನಾನು ಹಳಿಯುವವನಲ್ಲ.

ಆದರೆ ಭೌತವಿಜ್ಞಾನದಲ್ಲಿ ನಿಷ್ಕೃಷ್ಟತೆ ಬೇರೆ, ನಿಖರತೆ ಬೇರೆ. ಎಷ್ಟು ಸಲ ಅಳೆದರೂ ಅದೇ ಅಂಕಿ ಬಂದರೆ ಅಳತೆ ನಿಷ್ಕೃಷ್ಟ. ಬಂದ ಅಂಕಿ ಅಳೆಯಬೇಕಾದುದಕ್ಕೆ ಸಮೀಪವಾಗಿದ್ದರೆ ಮಾತ್ರ ನಿಖರ. ಗದಗಿನ ಹತ್ತಿ ಪೇಟೆಯಲ್ಲಿ ಪಳಗಿದ ವ್ಯಾಪಾರಿ ಒಂದು ಚಿಟಿಕೆ ಅರಳೆಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಎಳೆದೆಳೆದು, ಎಳೆಗಳನ್ನು ಸಾಲಾಗಿಟ್ಟು, ಉದ್ದವನ್ನೂ ಬಲವನ್ನೂ ಹೇಳುತ್ತಾನೆ. ಇಬ್ಬರು ವ್ಯಾಪಾರಿಗಳ ಮಾತು ಕೂಡದಿರಬಹುದು. ಹಾಗೆಂದು ಎಳೆಯ ಗೊಡವೆಯೇ ಬೇಡ, ಚೀಲವನ್ನು ತೂಕ ಮಾಡಿ ಬೆಲೆ ಕಟ್ಟೋಣ, ತಕ್ಕಡಿ ಎಲ್ಲರಿಗೂ ಒಂದೇ, ಎಂದರೆ ಜಯಧರ ಹತ್ತಿ ಬೆಳೆದ ರೈತ ಒಪ್ಪುವನೆ? ತಕ್ಕಡಿ ಸುಳ್ಳು ಹೇಳುವುದಿಲ್ಲ. ಕೇಳಿದ ಪ್ರಶ್ನೆಗೆ ಉತ್ತರ ಹೇಳುವುದಿಲ್ಲ, ಅಷ್ಟೆ. ಸಿ.ಇ.ಟಿ.ಯಲ್ಲಿ ಒಳ್ಳೆಯ ಸ್ಥಾನ ಪಡೆದು ಬಂದ ವಿದ್ಯಾರ್ಥಿಗಳನ್ನು, ಲೋಲಕದ ದಾರ ಉದ್ದವಾದರೆ ಆಂದೋಲನ ಏಕೆ ನಿಧಾನವಾಗುತ್ತದೆಂದು ಹತ್ತು ವಾಕ್ಯಗಳಲ್ಲಿ ಬರೆಯಿರಿ ಎಂದು ಕೇಳಿದ್ದೇನೆ. ಸೂತ್ರವನ್ನು ಬರೆದುಕೊಟ್ಟವರು ಬಹಳ ಮಂದಿ. ಹತ್ತು ವಾಕ್ಯಗಳನ್ನು ಬರೆದವರು ಬೆರಳೆಣಿಕೆಯಷ್ಟು.

ಇದು ಅವರ ತಪ್ಪಲ್ಲ. ಎಂಜಿನಿಯರಿಂಗ್ ಸ್ಥಾನನಿರ್ಣಯಕ್ಕೆ ಸಿ.ಇ.ಟಿ.ಯ ಅಂಕಗಳ ಜೊತೆಗೆ ಪಿ.ಯು.ಸಿ.ಯ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತಗಳ ಅಂಕಗಳನ್ನು ಸಮಪಾಲು ಸೇರಿಸುತ್ತಾರೆ. ಭಾಷೆಗಳ ಅಂಕ ಅಲ್ಲಿಗೆ ಬರುವುದಿಲ್ಲ. ಕನ್ನಡ ಪತ್ರಿಕೆಯಲ್ಲಿ ಪ್ರಬಂಧವಿದ್ದರೂ ಅದು ತೇರ್ಗಡೆಯಾಗುವುದಕ್ಕೆ ಮಾತ್ರ. ಲೆಕ್ಕಕ್ಕೆ ಬಾರದುದನ್ನು ಹದಿನೇಳು ವರ್ಷದ ಬುದ್ಧಿವಂತ ಹುಡುಗ ಏಕೆ ಅಭ್ಯಾಸ ಮಾಡಿಯಾನು? ಆದರೆ ಅದೇ ಹುಡುಗ ಮುಂದೆ ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಗೆ ಕುಳಿತರೆ ಅಲ್ಲಿ ಪ್ರಬಂಧಕ್ಕೇ ಒಂದು ಪತ್ರಿಕೆ, ೨೫೦ ಅಂಕ. ೧೯೯೩ರಲ್ಲಿ ಸೇರಿದ ಈ ಪತ್ರಿಕೆಯನ್ನು ಕನ್ನಡದಲ್ಲಿಯೂ ಬರೆಯಬಹುದು. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯವು ತನ್ನ ಪ್ರವೇಶ ಪರೀಕ್ಷೆಯಲ್ಲಿ ಪ್ರಬಂಧ ಬರೆಸುತ್ತ ಬಂದಿದೆ. ಚೀನಾದಲ್ಲಂತೂ ಕಾಲೇಜು ಪ್ರವೇಶದ ಚೀನೀ ಭಾಷಾ ಪತ್ರಿಕೆಯ ೧೫೦ ಅಂಕಗಳಲ್ಲಿ ಒಂದೇ ಪ್ರಬಂಧಕ್ಕೆ ೬೦ ಅಂಕ. ಪ್ರತಿಯೊಂದನ್ನೂ ಇಬ್ಬರು ಬೇರೆ ಬೇರೆಯಾಗಿ ಓದುತ್ತಾರೆ, ಅಂತರ ಮಿತಿಮೀರಿದರೆ ಮೂರನೆಯವರಿಗೆ ಹೋಗುತ್ತದೆ. ಲಕ್ಷಾಂತರ ವಿದ್ಯಾರ್ಥಿಗಳಿರುವಲ್ಲಿ ಪ್ರಬಂಧ ಅಸಾಧ್ಯವೆಂಬ ಮಾತಿಗೆ ಇದಕ್ಕಿಂತ ಉತ್ತರ ಬೇಕಿಲ್ಲ.

ಪರೀಕ್ಷಕರ ಭಿನ್ನಾಭಿಪ್ರಾಯವನ್ನು ಕಡಿಮೆ ಮಾಡಲು ನಮ್ಮಲ್ಲಿ ಇರುವ ಇನ್ನೊಂದು ಏರ್ಪಾಟು ಅಂಕಗಳ ಹಂಚಿಕೆ: ಪೀಠಿಕೆಗೆ ಇಷ್ಟು, ವಿಷಯ ನಿರೂಪಣೆಗೆ ಇಷ್ಟು, ಉಪಸಂಹಾರಕ್ಕೆ ಇಷ್ಟು. ಇದರಿಂದ ಪರೀಕ್ಷಕರು ಹೆಚ್ಚು ಒಮ್ಮತಕ್ಕೆ ಬರುವುದು ನಿಜ. ಆದರೆ ಅಳತೆಗೋಲು ಯಾವುದೆಂದು ತಿಳಿದ ಕೂಡಲೆ ಅಳೆಸಿಕೊಳ್ಳುವ ವಸ್ತು ಅದಕ್ಕೆ ತಕ್ಕಂತೆ ಬಾಗತೊಡಗುತ್ತದೆ. ತಂತಿ ಹೀಗೆ ಮಾಡುವುದಿಲ್ಲ, ಮನುಷ್ಯ ಮಾಡುತ್ತಾನೆ. ಗೈಡುಗಳಲ್ಲಿ ಸಿದ್ಧಪಡಿಸಿದ ಪೀಠಿಕೆಗಳು ಮಾರಾಟಕ್ಕಿವೆ. ‘ಜಲವೇ ಜೀವನ’ವನ್ನು ಸ್ವಲ್ಪ ಬದಲಿಸಿದರೆ ‘ವನವೇ ಜೀವನ’. ಹರ್ತಿಯಲ್ಲಿ ಆ ನಾಲ್ಕು ಪ್ರಬಂಧಗಳಿಗೆ ನಾವು ಮೂವರೂ ಹೆಚ್ಚುಕಡಿಮೆ ಒಂದೇ ಅಂಕ ಕೊಟ್ಟಿದ್ದೆವು. ಜಗಳ ಬಂದದ್ದು ಹುಡುಗಿ ತಾನೇ ಆಲೋಚಿಸಿ ಬರೆದ ಒಂದರಲ್ಲಿ ಮಾತ್ರ. ಪರೀಕ್ಷಕರು ಕೂಡಿ ಒಪ್ಪುವುದೇ ಗುರಿಯಾದರೆ ಮೊದಲು ಬಲಿಯಾಗುವುದು ಇಂತಹ ಬರೆಹವೇ.

ಹಾಗಾದರೆ ಯಂತ್ರಕ್ಕೇ ಒಪ್ಪಿಸಬಾರದೇಕೆ, ಎಂದು ನನ್ನ ವಿದ್ಯಾರ್ಥಿಗಳು ಕೇಳುತ್ತಾರೆ. ಇದೂ ಹೊಸ ಯೋಚನೆಯಲ್ಲ. ಎಲಿಸ್ ಪೇಜ್ ಎಂಬ ಅಮೆರಿಕನ್ನನು ೧೯೬೬ರಲ್ಲಿಯೇ ಗಣಕಯಂತ್ರದಿಂದ ಪ್ರಬಂಧಕ್ಕೆ ಅಂಕ ಹಾಕಿಸುವುದನ್ನು ವಿವರಿಸಿದ್ದ. ಯಂತ್ರಕ್ಕೆ ಅರ್ಥ ತಿಳಿಯದು. ಆದುದರಿಂದ ಅದು ಎಣಿಸಬಹುದಾದುದನ್ನು ಎಣಿಸುತ್ತದೆ: ಪ್ರಬಂಧದ ಉದ್ದ, ಪದಗಳ ಉದ್ದ, ವಿರಾಮಚಿಹ್ನೆಗಳು. ಮನುಷ್ಯರು ಅಂಕ ಹಾಕಿದ ಪ್ರಬಂಧಗಳಲ್ಲಿ ಈ ಎಣಿಕೆಗಳಿಗೂ ಅಂಕಗಳಿಗೂ ಇರುವ ಸಂಬಂಧವನ್ನು ಕಂಡುಹಿಡಿದು ಹೊಸ ಪ್ರಬಂಧಕ್ಕೆ ಅಂಕವನ್ನು ಊಹಿಸುತ್ತದೆ. ೧೯೯೯ರಿಂದ ಅಮೆರಿಕದ ವಾಣಿಜ್ಯ ಕಾಲೇಜುಗಳ ಪ್ರವೇಶ ಪರೀಕ್ಷೆಯಲ್ಲಿ ಮನುಷ್ಯರ ಜೊತೆಗೆ ಇಂತಹ ಯಂತ್ರವನ್ನೂ ಬಳಸತೊಡಗಿದರು. ಲೆಸ್ ಪೆರೆಲ್ಮನ್ ಎಂಬ ಅಧ್ಯಾಪಕರು ೨೦೧೪ರಲ್ಲಿ ತಮ್ಮ ವಿದ್ಯಾರ್ಥಿಗಳೊಡನೆ ಸೇರಿ ಇದಕ್ಕೆ ಪ್ರತಿಯಾಗಿ ಇನ್ನೊಂದು ಯಂತ್ರವನ್ನು ರಚಿಸಿದರು. ಅದಕ್ಕೆ ಮೂರು ಪದಗಳನ್ನು ಕೊಟ್ಟರೆ, ವ್ಯಾಕರಣಶುದ್ಧವಾದ, ದೊಡ್ಡ ದೊಡ್ಡ ಮಾತುಗಳಿಂದ ತುಂಬಿದ, ಎಳ್ಳಷ್ಟೂ ಅರ್ಥವಿಲ್ಲದ ಪ್ರಬಂಧವನ್ನು ಕ್ಷಣಾರ್ಧದಲ್ಲಿ ಕೊಡುತ್ತಿತ್ತು. ಅಂಕ ಹಾಕುವ ಯಂತ್ರವು ಅವುಗಳಿಗೆ ಉತ್ತಮ ಅಂಕಗಳನ್ನೇ ಕೊಟ್ಟಿತು. ಮನುಷ್ಯರನ್ನೂ ಬಹಳವಾಗಿ ಹೊಗಳಬೇಕಾಗಿಲ್ಲ. ೨೦೦೫ರಲ್ಲಿ ಎಸ್.ಎ.ಟಿ. ಎಂಬ ಅಮೆರಿಕದ ಪ್ರವೇಶ ಪರೀಕ್ಷೆಗೆ ೨೫ ನಿಮಿಷದ ಪ್ರಬಂಧವನ್ನು ಸೇರಿಸಿದಾಗ, ಇಬ್ಬಿಬ್ಬರು ಓದುಗರು ಹಾಕಿದ ಅಂಕಗಳು ಬಹುಮಟ್ಟಿಗೆ ಪ್ರಬಂಧದ ಉದ್ದವನ್ನೇ ಹಿಂಬಾಲಿಸುತ್ತವೆಂದು ತೋರಿಸಿದವರೂ ಇದೇ ಪೆರೆಲ್ಮನ್. ೨೦೧೬ರಲ್ಲಿ ಆ ಪ್ರಬಂಧವನ್ನು ಐಚ್ಛಿಕ ಮಾಡಿದರು. ೨೦೨೧ರಲ್ಲಿ ಬಹುಮಟ್ಟಿಗೆ ನಿಲ್ಲಿಸಿಯೇಬಿಟ್ಟರು.

ಕನ್ನಡಕ್ಕೆ ಬಂದರೆ ಎಣಿಕೆಯ ಯಂತ್ರ ಇನ್ನೂ ಎಡವುತ್ತದೆ. ‘ಹೋಗಬೇಕಾಗಿತ್ತಂತೆ’ ಎಂಬುದು ನಮಗೆ ಒಂದೇ ಪದ; ಇಂಗ್ಲಿಷಿನಲ್ಲಿ ಅಷ್ಟನ್ನು ಹೇಳಲು ಆರೇಳು ಪದಗಳು ಬೇಕು. ಪದದ ಉದ್ದದಿಂದ ಪಾಂಡಿತ್ಯವನ್ನು ಅಳೆಯುವ ಯಂತ್ರಕ್ಕೆ ಹರ್ತಿಯ ಸಂತೆಯ ಮಾತೂ ಮಹಾಪಾಂಡಿತ್ಯವಾಗಿ ಕಂಡೀತು! ಈಗ ಬಂದಿರುವ ಹೊಸ ಭಾಷಾಯಂತ್ರಗಳು ಇಷ್ಟು ಒರಟಲ್ಲ, ಕನ್ನಡವನ್ನೂ ಬಲ್ಲವು ಎಂಬುದನ್ನು ಒಪ್ಪುತ್ತೇನೆ. ಆದರೂ ಯಾವ ಹೊಸ ಉಷ್ಣಮಾಪಕವನ್ನಾದರೂ ಕರಗುವ ಹಿಮದಲ್ಲಿಯೂ ಕುದಿಯುವ ನೀರಿನಲ್ಲಿಯೂ ಇಟ್ಟು ಪರೀಕ್ಷಿಸದೆ ನಾವು ಬಳಸುವುದಿಲ್ಲ. ಇಲ್ಲಿ ಹಿಮವೂ ಕುದಿನೀರೂ ಯಾವುವು? ಅನೇಕ ಮಂದಿ ಬಲ್ಲವರು ಬೇರೆ ಬೇರೆಯಾಗಿ ಓದಿ ಅಂಕ ಹಾಕಿದ ಕನ್ನಡ ಪ್ರಬಂಧಗಳು. ಯಂತ್ರಕ್ಕೆ ಒಪ್ಪಿಸುವ ಮೊದಲು ಆ ಕೆಲಸವನ್ನು ಮನುಷ್ಯರೇ ಮಾಡಬೇಕು.

ನನ್ನ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಕಾಲೇಜು ಪ್ರವೇಶಕ್ಕೆ ಒಂದು ಸಣ್ಣ ಬರೆಹ ಇರಬೇಕು. ಕನ್ನಡದಲ್ಲಿ ಬರೆಯಲು ಅವಕಾಶವಿರಬೇಕು. ಮತ್ತು ಅದನ್ನು ಒಬ್ಬರಲ್ಲ, ನಾಲ್ವರು ಓದಬೇಕು. ಇದು ಹುಚ್ಚು ಕಲ್ಪನೆಯಲ್ಲ. ಇಂಗ್ಲೆಂಡಿನ ಡೆವನ್ ಪ್ರಾಂತ್ಯದಲ್ಲಿ ಹನ್ನೊಂದು ವರ್ಷದ ಮಕ್ಕಳನ್ನು ಪ್ರೌಢಶಾಲೆಗೆ ಆರಿಸುವ ಪರೀಕ್ಷೆಯಲ್ಲಿ ಹೀಗೆಯೇ ಮಾಡುತ್ತಿದ್ದರು. ಅದರ ಫಲವನ್ನು ವೈಸ್‌ಮನ್ ಎಂಬುವರು ೧೯೪೯ರಲ್ಲಿ ಪ್ರಕಟಿಸಿದರು. ನಾಲ್ವರೂ ಒಬ್ಬರ ಅಂಕವನ್ನೊಬ್ಬರು ನೋಡದೆ, ಹಂಚಿಕೆಯ ಪಟ್ಟಿಗಳಿಲ್ಲದೆ, ಬೇಗನೆ ಓದಿ, ಒಟ್ಟಾರೆ ಮನಸ್ಸಿಗೆ ತೋಚಿದ ಅಂಕವನ್ನು ಹಾಕುವುದು, ನಾಲ್ಕನ್ನೂ ಕೂಡಿಸುವುದು. ಒಬ್ಬರು ನಿಧಾನವಾಗಿ ಅಳೆದು ತೂಗಿ ಹಾಕುವ ಅಂಕಕ್ಕಿಂತ ನಾಲ್ವರು ಚುರುಕಾಗಿ ಹಾಕಿದ ಅಂಕಗಳ ಮೊತ್ತ ಹೆಚ್ಚು ನೆಚ್ಚತಕ್ಕದ್ದೆಂಬುದು ಇದರ ಹಿಂದಿನ ತತ್ತ್ವ.

ಇದರ ಗಣಿತವನ್ನು ನೀವೇ ಮಾಡಬಹುದು. ಹರ್ತಿಯ ೧೮, ೯, ೧೩ರ ಸರಾಸರಿ ೧೩.೩. ಈ ಮೂರರ ಮಾನಕ ವಿಚಲನೆ ಸುಮಾರು ೪.೫. ಸ್ವತಂತ್ರವಾದ ಅಳತೆಗಳ ಸರಾಸರಿಯ ದೋಷವು ಅಳತೆಗಳ ಸಂಖ್ಯೆಯ ವರ್ಗಮೂಲದಿಂದ ಭಾಗಿಸಿದಷ್ಟು ತಗ್ಗುತ್ತದೆ. ಮೂವರಿದ್ದುದರಿಂದ ಸುಮಾರು ೨.೬. ಎಂದರೆ ಆ ಹುಡುಗಿಯ ಅಂಕವನ್ನು ೧೩.೩ ± ೨.೬ ಎಂದು ಬರೆಯಬೇಕಾಗಿತ್ತು. ಬಹುಮಾನ ಪಡೆದ ಹುಡುಗನ ಸರಾಸರಿ ೧೪.೦. ಅವರಿಬ್ಬರ ಅಂತರ ೦.೭, ದೋಷ ಅದರ ಮೂರುಪಟ್ಟಿಗಿಂತಲೂ ಹೆಚ್ಚು. ಪ್ರಯೋಗಶಾಲೆಯಲ್ಲಿ ಇಂತಹ ಎರಡು ಅಂಕಿಗಳನ್ನು ಮುಂದಿಟ್ಟು, ಒಂದು ದೊಡ್ಡದು ಇನ್ನೊಂದು ಚಿಕ್ಕದು ಎಂದು ಯಾವ ವಿದ್ಯಾರ್ಥಿಯಾದರೂ ಬರೆದರೆ ನಾನು ಅಂಕ ಕಳೆಯುತ್ತೇನೆ. ವೇದಿಕೆಯ ಮೇಲೆ ನಿಂತು ನಾನೇ ಹಾಗೆ ಘೋಷಿಸಿದೆ. ನಾಲ್ವರು ಓದಿದರೆ ದೋಷ ಅರ್ಧಕ್ಕೆ ಇಳಿಯುತ್ತದೆ, ಸುಮಾರು ೨.೩. ಒಂದು ಅಂಕಕ್ಕೆ ಇಳಿಸಬೇಕಾದರೆ ಇಪ್ಪತ್ತು ಮಂದಿ ಬೇಕು. ಅಷ್ಟು ಜನರನ್ನು ಎಲ್ಲಿಂದ ತರುವುದು? ಆದುದರಿಂದ ನಾಲ್ವರು ಓದಿದ ಮೇಲೂ ಉಳಿಯುವ ದೋಷವನ್ನು ಒಪ್ಪಿಕೊಂಡು, ಅಂಕದ ಪಕ್ಕದಲ್ಲಿ ಅದನ್ನೂ ಅಚ್ಚು ಮಾಡಬೇಕು. ಒಂದು ಅಂಕದ ಅಂತರದಿಂದ ಒಬ್ಬನು ಒಳಗೆ, ಒಬ್ಬನು ಹೊರಗೆ ಎಂದು ಗೆರೆ ಎಳೆಯುವ ಮುಂಚೆ ಗೆರೆಯ ಅಕ್ಕಪಕ್ಕದವರ ಬರೆಹಗಳನ್ನಾದರೂ ಮತ್ತೆ ಇಬ್ಬರಿಗೆ ಓದಿಸಬೇಕು.

ಸ್ವತಂತ್ರವಾದ ಎಂಬ ಮಾತನ್ನು ಗಮನಿಸಿರಿ. ಮೊದಲನೆಯವರ ಕೆಂಪು ಮಸಿಯ ಅಂಕಿಯನ್ನು ನೋಡಿಕೊಂಡು ಎರಡನೆಯವರು ಅಂಕ ಹಾಕಿದರೆ ಅದು ಎರಡನೆಯ ಅಳತೆಯಲ್ಲ, ಮೊದಲನೆಯದರ ಪ್ರತಿಧ್ವನಿ. ಉತ್ತಮವಾದುದನ್ನು ಉಳಿಸಿಕೊಳ್ಳುವುದಕ್ಕೂ ಸರಾಸರಿ ತೆಗೆಯುವುದಕ್ಕೂ ವ್ಯತ್ಯಾಸವಿದೆ. ಕರ್ನಾಟಕದಲ್ಲಿ ೨೦೨೪ರಲ್ಲಿ ಎಸ್.ಎಸ್.ಎಲ್.ಸಿ. ಮತ್ತು ಪಿ.ಯು.ಸಿ. ಪರೀಕ್ಷೆಗಳನ್ನು ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಬರೆದು ಮೇಲಾದ ಅಂಕವನ್ನು ಇಟ್ಟುಕೊಳ್ಳುವ ವ್ಯವಸ್ಥೆ ಬಂದಾಗ ವಿದ್ಯಾರ್ಥಿಗಳೆಲ್ಲ ಸಂತೋಷಪಟ್ಟರು. ಜ್ವರ ಬಂದು ಮಲಗಿದ ಮಗುವಿಗೆ ಅದು ನ್ಯಾಯವೇ. ಆದರೆ ಹಲವು ಅಳತೆಗಳಲ್ಲಿ ಚೆನ್ನಾದುದನ್ನು ಮಾತ್ರ ಆರಿಸಿಕೊಂಡರೆ ದೋಷ ಕಳೆಯುವುದಿಲ್ಲ, ಮೇಲ್ಮುಖವಾಗಿ ತಿರುಗುತ್ತದೆ.

ಖರ್ಚಿನ ಪ್ರಶ್ನೆಯನ್ನು ನನ್ನ ಸಹೋದ್ಯೋಗಿಗಳು ಎತ್ತುತ್ತಾರೆ. ಮೌಲ್ಯಮಾಪನ ಕೇಂದ್ರದಲ್ಲಿ ಬೇಸಗೆಯ ಸೆಖೆಯಲ್ಲಿ ಕುಳಿತು ಬಂದವನಾದುದರಿಂದ ಅವರ ಮಾತನ್ನು ನಾನು ಹಗುರವಾಗಿ ಎಣಿಸಲಾರೆ. ನಾಲ್ವರು ಓದುವುದೆಂದರೆ ನಾಲ್ಕುಪಟ್ಟು ಕೆಲಸ. ಆದರೆ ಎರಡು ಪುಟದ ಬರೆಹವನ್ನು ಬೇಗನೆ ಓದಲು ಮೂರು ನಿಮಿಷ ಸಾಕು. ನಾಲ್ವರಿಗೆ ಹನ್ನೆರಡು ನಿಮಿಷ. ಒಬ್ಬ ಹುಡುಗನ ನಾಲ್ಕು ವರ್ಷದ ಓದು ಎಲ್ಲಿ ನಡೆಯಬೇಕೆಂದು ನಿರ್ಣಯಿಸಲು ಹನ್ನೆರಡು ನಿಮಿಷ ಹೆಚ್ಚಾಯಿತೆ? ತಂತಿಗೆ ನಾವು ಇಡೀ ಒಂದು ಗಂಟೆಯನ್ನು ಕೊಡುತ್ತೇವಲ್ಲ!

ಅಷ್ಟರವರೆಗೆ ವಿದ್ಯಾರ್ಥಿಗಳು ಮಾಡಬಹುದಾದುದೊಂದಿದೆ. ತಿದ್ದಿದ ಉತ್ತರಪತ್ರಿಕೆಯನ್ನು ನೋಡುವುದು ವಿದ್ಯಾರ್ಥಿಯ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯವು ೨೦೧೧ರಲ್ಲಿ, ಆದಿತ್ಯ ಬಂದೋಪಾಧ್ಯಾಯ ಮೊಕದ್ದಮೆಯಲ್ಲಿ, ಮಾಹಿತಿ ಹಕ್ಕು ಕಾಯಿದೆಯ ಆಧಾರದಿಂದ ತೀರ್ಪು ಕೊಟ್ಟಿದೆ. ಪಿ.ಯು.ಸಿ.ಯಲ್ಲಿ ಪತ್ರಿಕೆಯ ನಕಲು ಪ್ರತಿಯನ್ನು ಕೇಳಿ ಪಡೆಯಲು ಅವಕಾಶವಿದೆ. ಅಂಕ ಹೆಚ್ಚಿಸಿಕೊಳ್ಳಲು ಮಾತ್ರ ಅದನ್ನು ತರಿಸುವವರೇ ಹೆಚ್ಚು. ಕುತೂಹಲಕ್ಕಾಗಿ ತರಿಸಿರಿ. ನಿಮ್ಮದೇ ಒಂದು ಪ್ರಬಂಧವನ್ನು ಬೇರೆಯವರ ಕೈಯಿಂದ ನಾಲ್ಕು ಪ್ರತಿ ಬರೆಯಿಸಿ, ನಾಲ್ವರು ಗೆಳೆಯರಿಗೆ ಹಂಚಿ, ಅಂಕಗಳನ್ನು ಮಡಿಸಿದ ಚೀಟಿಯಲ್ಲಿ ತರಿಸಿಕೊಂಡು, ಸರಾಸರಿಯನ್ನೂ ವಿಚಲನೆಯನ್ನೂ ಲೆಕ್ಕ ಮಾಡಿರಿ. ಈ ಪ್ರಯೋಗಕ್ಕೆ ಉಪಕರಣ ಬೇಡ.

ಮರುವರ್ಷದ ಸ್ಪರ್ಧೆಗೆ ನಾವು ಹೀಗೆಯೇ ಚೀಟಿಗಳನ್ನು ಮಾಡಿದೆವು, ತೀರ್ಪುಗಾರರನ್ನು ನಾಲ್ವರಿಗೆ ಏರಿಸಿದೆವು. ನಾಲ್ಕನೆಯವರು ಊರಿನ ಅಂಗನವಾಡಿ ಕಾರ್ಯಕರ್ತೆ. ಅಂತರ ಕಡಿಮೆಯಿದ್ದ ಇಬ್ಬರಿಗೆ ಬಹುಮಾನವನ್ನು ಹಂಚಿಕೊಟ್ಟೆವು. ಕನ್ನಡ ಅಧ್ಯಾಪಕರೂ ನಾನೂ ಈಗಲೂ ಒಪ್ಪುವುದಿಲ್ಲ. ಅವರು ಉಪಸಂಹಾರವನ್ನು ಹುಡುಕುತ್ತಾರೆ, ನಾನು ಅಂಕಿಗಳನ್ನು ಹುಡುಕುತ್ತೇನೆ. ಬಾವಿಯ ಹುಡುಗಿ ಆ ವರ್ಷ ಸ್ಪರ್ಧೆಗೆ ಬರೆಯಲಿಲ್ಲ. ಹತ್ತನೆಯ ತರಗತಿಯ ಪರೀಕ್ಷೆಯಿದೆ, ಸಮಯವಿಲ್ಲ, ಎಂದಳಂತೆ. ಶ್ರಾವಣದ ಜಾತ್ರೆಯಲ್ಲಿ ಸಿಕ್ಕಾಗ, ಹೇಳುತ್ತೇನೆಂದು ಜಾರಿಕೊಂಡಿದ್ದ ಮಾತನ್ನು ಅವಳಿಗೆ ಹೇಳಿದೆ: ಅವಳ ಅಂಕ ಹದಿಮೂರೂ ಅಲ್ಲ, ಹದಿನೆಂಟೂ ಅಲ್ಲ, ಎಷ್ಟೆಂದು ನಮಗೆ ತಿಳಿದಿರಲಿಲ್ಲ. ಅವಳು ಸ್ವಲ್ಪ ಹೊತ್ತು ಯೋಚಿಸಿ, “ಹಂಗಾದ್ರ ನಮ್ಮ ಬಾವ್ಯಾಗೂ ಗಂಟ ನಾಕ್ ಸಲ ಎಣಸ್ಬೇಕೇನ್ರಿ ಸರ್?” ಎಂದು ಕೇಳಿದಳು.